ಭಗವಂತರಾಯ ಶಿಖರ

ನನ್ನ ಪಿಎಚ್‌ಡಿ ಗೈಡ್ ಭಗವಂತರಾಯರು ಒಂದು ಶಿಖರ ಕಂಡುಹಿಡಿದಿದ್ದರು. ಸುರಪುರದ ಗುಡ್ಡದಲ್ಲಲ್ಲ, ಕಂಪ್ಯೂಟರ್ ಪರದೆಯ ಮೇಲೆ. ಜರ್ಮೇನಿಯಂ, ಸೆಲೆನಿಯಂ ಕೂಡಿಸಿ ಕರಗಿಸಿ ನಾವು ಕರಿ ಗಾಜು ಮಾಡುತ್ತೇವೆ. ಅದಕ್ಕೆ ಲೇಸರ್ ಹಾಯಿಸಿದರೆ, ಚದುರಿ ಬರುವ ಬೆಳಕಿನಲ್ಲಿ ಪರಮಾಣುಗಳ ನಡುಕದ ಗುರುತಿರುತ್ತದೆ. ಪರದೆಯ ಮೇಲೆ ಅದು ಶಿಖರವಾಗಿ ಏಳುತ್ತದೆ. ಗಾಜಿನೊಳಗೆ ಯಾರು ಯಾರ ಕೈ ಹಿಡಿದಿದ್ದಾರೆ ಎಂದು ಅದನ್ನು ನೋಡಿ ಹೇಳಬಹುದು. ಶಹಾಪುರದ ನಮ್ಮ ಕಾಲೇಜಿನ ಯಂತ್ರದಲ್ಲಿ ಜಗತ್ತಿನ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಶಿಖರ ಎದ್ದಿತು. ಸರ್ ಅವತ್ತೇ ಅದಕ್ಕೆ ತಮ್ಮ ಹೆಸರಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ ಅವರದು.

ನನಗೆ ಮಾತ್ರ ಅನುಮಾನ. ಗಾಜು ಬದಲಿಸಿದೆ, ಶಿಖರ ಅಲ್ಲೇ. ಲೇಸರನ್ನೇ ಆರಿಸಿದೆ, ಆದರೂ ಅಲ್ಲೇ! ಯಂತ್ರದ ಮುಚ್ಚಳ ಮೊದಲಿನಿಂದಲೂ ಸರಿಯಾಗಿ ಕೂರುತ್ತಿರಲಿಲ್ಲ. ಎದ್ದುಹೋಗಿ ಕೋಣೆಯ ಟ್ಯೂಬ್‌ಲೈಟ್ ಆರಿಸಿದೆ. ಶಿಖರ ಮಾಯ. ಯಾ ಅಲ್ಲಾ, ಇಷ್ಟು ದಿನ ನಾವು ಅಳೆದದ್ದು ಟ್ಯೂಬ್‌ಲೈಟಿನ ಬೆಳಕನ್ನು.

“ಸರ್, ಅದು ಗಾಜಿಂದಲ್ರಿ, ಟ್ಯೂಬ್‌ಲೈಟಿಂದು. ಲೈಟ್ ಬಂದ್ ಮಾಡಿದ್ರ ಹೋಗ್ತದ.”

“ಕತ್ತಲಾದ್ರ ಮಂದಿ ಮಲಗ್ತಾರ, ಗಾಜು ಮಲಗಬಾರ್ದೇನು?” ಎಂದರು ಸರ್. “ನೋಡು ಗುಲ್ನಾಜ್, ಆ ಶಿಖರದ ಮ್ಯಾಲ ಒಂದು ಅಧ್ಯಾಯ ಬರಿ. ಇಲ್ಲಂದ್ರ ನಿನ್ನ ಪ್ರಬಂಧಕ್ಕ ಸಹಿ ಹಾಕಂಗಿಲ್ಲ.”

ಸಿಟ್ಟು ನೆತ್ತಿಗೇರಿತು. ಯಾದಗಿರಿಯಿಂದ ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತೇ ಬಂದು ಮಾಡಿದ ಕೆಲಸ. ಅದರಲ್ಲಿ ಟ್ಯೂಬ್‌ಲೈಟಿಗೆ ಒಂದು ಅಧ್ಯಾಯವಂತೆ! ನಾನು ಬರೆಯಲಿಲ್ಲ, ಅವರು ಸಹಿ ಹಾಕಲಿಲ್ಲ.

ಅಷ್ಟರಲ್ಲಿ ಆ ಶಿಖರಕ್ಕಾಗಿ ಸರ್‌ಗೆ ಕಾಲೇಜಿನಲ್ಲಿ ಸನ್ಮಾನ ನಿಗದಿಯಾಯಿತು. ಶಾಲು ತಾವೇ ಆರಿಸಿ ತಂದು, ಹೊದಿಸುವವರ ಕೈಗೆ ತಾವೇ ಕೊಟ್ಟರು. ರಾಯಚೂರಿನಿಂದ ಒಬ್ಬ ತಜ್ಞರೂ ಬಂದರು. ಪ್ರಯೋಗಾಲಯದ ಕಿಟಕಿಗಳಿಗೆ ಪರದೆ ಎಳೆದು, ಶಿಖರವನ್ನು ಯಂತ್ರದಿಂದ ನೇರವಾಗಿ ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿದ್ದರು. ನಾನು ಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು ಟ್ಯೂಬ್‌ಲೈಟಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೆ. ಸರ್ ನೋಡಿದವರೇ ಓಡಿ ಬಂದರು.

“ಇಲ್ಲೇನ್ ಮಾಡಾಕತ್ತಿ?”

“ಏನಿಲ್ರಿ ಸರ್. ಗಾಜಿಗೆ ಭಾಳ ನಿದ್ದಿ ಬಂದಂಗ ಕಾಣ್ತದ. ಮಲಗಸ್ಲೇನು?”

ಸರ್ ಮುಖದ ಮೇಲಿನ ಪೌಡರ್ ಬೆವರಲ್ಲಿ ಇಳಿಯಿತು. “ನಾನು ನಿನ್ನ ಗುರು ಅದೀನಿ, ನೆನಪಿರ್ಲಿ!”

“ಅದಕ್ಕೇ ನಿಮ್ಮನ್ನೇ ಕೇಳಾಕತ್ತೀನ್ರಿ. ಸಹಿ ಇಲ್ಲಿ ಹಾಕ್ರಿ.”

ಆ ಅಧ್ಯಾಯವಿಲ್ಲದ ಪ್ರಬಂಧಕ್ಕೆ, ಬಾಗಿಲಿಗೆ ಒತ್ತಿ ಹಿಡಿದು ಸಹಿ ಹಾಕಿದರು. ನಾನೂ ಮಾತಿಗೆ ತಪ್ಪುವವಳಲ್ಲ. ಸ್ವಿಚ್ ಬಿಟ್ಟು ದೂರದ ಮೂಲೆಗೆ ಹೋಗಿ ಪೇಡಾ ತಿನ್ನುತ್ತಾ ಕುಳಿತೆ.

ಶಾಲು ಹೊದಿಸಿದರು. ಹಾರ ಸರ್ ಕೊರಳಿಗೆ ಬೀಳುತ್ತಿದ್ದಂತೆ ಫಟ್ಟನೆ ಕರೆಂಟ್ ಹೋಯಿತು.

ಯಂತ್ರ, ಕಂಪ್ಯೂಟರು, ಗೋಡೆಯ ಚಿತ್ರ ಎಲ್ಲ ಯುಪಿಎಸ್ ಮೇಲಿದ್ದವು, ನಡೆದೇ ಇದ್ದವು. ಆರಿದ್ದು ಟ್ಯೂಬ್‌ಲೈಟ್ ಒಂದೇ. ಗೋಡೆಯ ಮೇಲೆ ಗಾಜಿನ ನಿಜವಾದ ಶಿಖರಗಳು ನಿಂತಲ್ಲೇ ನಿಂತಿದ್ದವು. ಭಗವಂತರಾಯ ಶಿಖರವಿದ್ದಲ್ಲಿ ಎರೆ ಹೊಲದಂತೆ ಸಪಾಟು.

“ಎಲ್ಲೋತ್ರೀ ನಿಮ್ಮ ಶಿಖರ?” ಎಂದರು ತಜ್ಞರು.

ಸರ್ ಕತ್ತಲಲ್ಲೇ ನನ್ನ ಕಡೆ ತಿರುಗಿದರು. ನಾನು ಪೇಡಾ ಹಿಡಿದ ಕೈ ಎತ್ತಿ ತೋರಿಸಿದೆ. ನಂದೇನಿಲ್ಲ.

ಹಾರ ಸರಿಮಾಡಿಕೊಳ್ಳುತ್ತಾ ಸರ್ ಅಂದರು, “ಕರೆಂಟ್ ಬರ್ಲಿ ತಡೀರಿ, ಅದೂ ಬರ್ತದ.”

ಆ ಶಿಖರದ ಬಗ್ಗೆ ಅವರು ಆಡಿದ ಮೊದಲ ನಿಜ ಅದು.