ಹಡೀಲಾರದಾಕಿಗೆ ಯಾವ ಬಾಗಿಲು

ಆ ಸಲ ಮಾನ್ವಿ ಚರ್ಚಿನ ಸುಗ್ಗಿ ಹಬ್ಬಕ್ಕೆ ದೇವದುರ್ಗದಿಂದ ಹೆಣ್ಣುಮಕ್ಕಳ ಭಜನಾ ಮೇಳ ಬರುತ್ತದಂತೆ ಎಂಬ ಸುದ್ದಿ, ಮೇಳ ಬಸ್ಸು ಹತ್ತುವ ಮೊದಲೇ ಸಿರವಾರ ದಾಟಿ ಮಾನ್ವಿ ಮುಟ್ಟಿಬಿಟ್ಟಿತ್ತು. ಎಪ್ಪತ್ತೊಂಬತ್ತನೇ ಇಸವಿಯ ಮಾತು. ಗಂಡಸರ ಮೇಳ ಇನ್ನೊಂದು ಗಂಡಸರ ಮೇಳಕ್ಕೆ ಹಾಡಿನಲ್ಲಿ ಸವಾಲು ಹಾಕುವುದು, ಅವರು ಹಾಡಿನಲ್ಲೇ ಜವಾಬು ಕೊಡುವುದು ಎಲ್ಲರೂ ಕಂಡದ್ದೇ. ಹೆಂಗಸರು ದಮ್ಮಡಿ ವಾದ್ಯ ಹಿಡಿದು ಎದುರು ಕೂಡುವುದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಹಾಗಾಗಿ ಜೋಳದ ಚೀಲ, ಶೇಂಗಾದ ಬುಟ್ಟಿ, ಕಾಲು ಕಟ್ಟಿದ ಕೋಳಿ ಅಂತ ಕಾಣಿಕೆ ತಂದವರು, ಅವುಗಳ ಹರಾಜು ಮುಗಿದರೂ ಮನೆಗೆ ಹೋಗದೆ ಚರ್ಚಿನ ಅಂಗಳದ ಬೇವಿನ ಮರದ ಕೆಳಗೆ ಒತ್ತೊತ್ತಾಗಿ ಕೂತಿದ್ದರು. ಬಳೆ ಮಾರಲು ಬಂದಿದ್ದ ಬಿಸ್ಮಿಲ್ಲಾ ಬೀ ಕೂಡ ತನ್ನ ಗಂಟು ಕೆಳಗಿಟ್ಟು, "ಜರಾ ಸರೀರವ್ವಾ, ನಾನೂ ಕೇಳ್ತೀನಿ" ಎಂದು ಹೆಂಗಸರ ನಡುವೆ ಜಾಗ ಮಾಡಿಕೊಂಡಳು.

ಮೇಳದ ಮುಂದಾಳು ಅಮರಮ್ಮ. ರಾಯಚೂರು ಸ್ಟೇಷನ್ನಿನ ಹಮಾಲಿಯ ಮಗಳು. ಅಲ್ಲಿಯ ಮಿಷನ್ ಬೋರ್ಡಿಂಗಿನಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿ, ದೇವದುರ್ಗದ ತಾಯಣ್ಣನನ್ನು ಮದುವೆಯಾಗಿ ಬಂದವಳು. ಮದುವೆಯಾಗಿ ವರ್ಷಗಳು ಉರುಳಿದ್ದವು, ತೊಟ್ಟಿಲು ಕಟ್ಟಿರಲಿಲ್ಲ. ದೇವದುರ್ಗದ ಚರ್ಚಿನಲ್ಲಿ ಕೂಸಿನ ತಾಯಂದಿರಿಗೆ ಮುಂದಿನ ಚಾಪೆ, ಉಳಿದವರು ಹಿಂದೆ. ಅಮರಮ್ಮ ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಡುವ ಕಡೆ ಕೂಡುತ್ತಿದ್ದಳು. ಯಾರೂ ಕೂಡು ಎಂದಿರಲಿಲ್ಲ, ಯಾರೂ ಏಳು ಎಂದೂ ಅಂದಿರಲಿಲ್ಲ. ಹಾಡು ಕಟ್ಟಲು ಶುರು ಮಾಡಿದ ಮೇಲೆಯೇ ಮುಂದಿನ ಚಾಪೆಯ ಬಂಡೆಮ್ಮ ಬಂದು ರಟ್ಟೆ ಹಿಡಿದು, "ಅಲ್ಲಿ ಕುಂತು ಹಾಡಿದ್ರ ನಿನ್ನ ಹಾಡು ಚಪ್ಪಲಿಗಷ್ಟೇ ಕೇಳ್ತದ, ಮುಂದ ಬಾರಬೇ" ಎಂದು ಎಳೆದುಕೊಂಡು ಹೋಗಿದ್ದಳು.

ಅದಕ್ಕೂ ಈಗ ಕುತ್ತು ಬಂದಿತ್ತು. ಹೆಂಗಸರು ಆರಾಧನೆಯಲ್ಲಿ ಹಾಡು ಎತ್ತಬಹುದೇ ಎಂಬ ತಕರಾರು ಎದ್ದಾಗ ಸಭೆಯ ಹಿರಿಯ ಸೂಗಪ್ಪ ಒಂದು ಕರಾರು ಹಾಕಿದ್ದ.

"ಮಾನ್ವಿಯವರ ಮುಂದ ಸೋಲಲಾರದ ಬರ್ರಿ. ಬಂದ್ರ ಪ್ರತಿ ಆಯಿತವಾರ ನೀವೇ ಹಾಡು ಎತ್ರಿ, ನಾನು ತಾಳ ಹಾಕ್ತೀನಿ. ಸೋತ್ರ ಬೈಬಲ್ಲಿನಾಗ ಪೌಲ ಹೇಳಿದಂಗ ಬಾಯಿ ಮುಚ್ಚಿ ಕೂಡ್ರಬೇಕು ನೋಡ್ರಿ."

ಈಗ ಅದೇ ಸೂಗಪ್ಪ ಗಂಡಸರ ಸಾಲಿನಲ್ಲಿ ರುಮಾಲು ಸರಿಮಾಡಿಕೊಳ್ಳುತ್ತ ಕೂತಿದ್ದ. ಸೋತರೆ ತನಗೆ ಮತ್ತೆ ಆ ಚಪ್ಪಲಿ ಬಿಡುವ ಕಡೆಯೇ ಗತಿ ಎಂದು ಅಮರಮ್ಮನಿಗೆ ಗೊತ್ತಿತ್ತು.

ಸವಾಲ್-ಜವಾಬಿನ ಕಟ್ಟಳೆ ಒಂದೇ. ಎರಡೂ ಮೇಳದ ದಮ್ಮಡಿಗಳು ಬಡಿಯುತ್ತಲೇ ಇರಬೇಕು. ಜವಾಬು ಹೊಳೆಯದೆ ಯಾರ ದಮ್ಮಡಿ ಮೊದಲು ನಿಲ್ಲುತ್ತದೋ ಅವರು ಸೋತರು. ಸೋತವರ ದಮ್ಮಡಿ ಗೆದ್ದವರ ಚರ್ಚಿನ ಗೋಡೆಗೆ, ಮುಂದಿನ ಸುಗ್ಗಿಯವರೆಗೆ. ದೇವದುರ್ಗದ ದಮ್ಮಡಿ ಗೋಪಮ್ಮನ ಕೈಯಲ್ಲಿತ್ತು. ಹತ್ತಿ ಬಿಡಿಸಿ, ಕಟ್ಟಿಗೆ ಒಡೆದು ಗಟ್ಟಿಯಾದ ಕೈ. ಕಿವಿ ಮಾತ್ರ ಸ್ವಲ್ಪ ಮಂದ. ಚರ್ಮ ಬಿಗಿಯಾಗಲೆಂದು ಬೆಳಗಿನಿಂದ ಅದನ್ನು ಬಿಸಿಲಿಗೆ ಒಡ್ಡಿಕೊಂಡೇ ಕೂತಿದ್ದಳು.

ರಾಯಚೂರಿನಿಂದ ಬಂದಿದ್ದ ಪಾಸ್ಟರ್ ಅಯ್ಯನವರು ಪ್ರಾರ್ಥನೆ ಮಾಡಿ ಕುರ್ಚಿಯ ಮೇಲೆ ಕೂತರು. ಎರಡು ದಮ್ಮಡಿಗಳೂ ಒಮ್ಮೆಲೇ ಗುಡುಗಿದವು.

ಮೊದಲ ಸವಾಲುಗಳು ಹಗುರವಾಗಿದ್ದವು. ನೋಹನ ನಾವೆಯಿಂದ ಮೊದಲು ಹಾರಿದ ಹಕ್ಕಿ ಯಾವುದು, ಯೋನನನ್ನು ನುಂಗಿದ ಮೀನು ಯಾಕೆ ಕಕ್ಕಿತು, ಇಂಥವು. ಶೇಂಗಾ ಕೀಳುವಾಗ, ಹತ್ತಿ ಬಿಡಿಸುವಾಗ ಅಮರಮ್ಮ ಓದಿ ಹೇಳಿ ಹೇಳಿ ಇವನ್ನೆಲ್ಲ ಮೇಳಕ್ಕೆ ಬಾಯಿಪಾಠ ಮಾಡಿಸಿದ್ದಳು. ಜವಾಬುಗಳು ಬಾಣದಂತೆ ಹೋದವು. ಜನ ಹೋ ಎಂದರು. ಬಂಡೆಮ್ಮನಿಗಂತೂ ಹುರುಪು ನೆತ್ತಿಗೇರಿ, "ಇಷ್ಟೇ ಏನ್ರಿ ಮಾನ್ವಿಯವರ ಬುತ್ತಿ? ಬಿಚ್ಚೋದ್ರಾಗ ಖಾಲಿ ಆತಲ್ರಿ!" ಎಂದು ಕೂಗಿಯೇ ಬಿಟ್ಟಳು.

ಅದು ಕೇಳಿದ್ದೇ ತಡ, ಮಾನ್ವಿಯ ಮುಂದಾಳು ಪರಮಣ್ಣ ಎದ್ದು ನಿಂತ. ಎತ್ತರದ ಆಳು, ಊರ ಕೋಟೆಯ ಆಚೆಗೂ ಕೇಳಿಸುವ ಕಂಠ. ಹೆಂಗಸರ ಕಡೆ ನೋಡಿ ಮೀಸೆಯಲ್ಲೇ ನಕ್ಕು ಸವಾಲು ಎತ್ತಿದ.

"ಮೊದಲು ಹುಟ್ಟಿದಾಂವ ಆದಾಮ, ಮೋಸ ಹೋದಾಕಿ ಹವ್ವಾ
ಸುಮ್ಮಕಿದ್ದು ಕಲಿ ಅಂದಾನ ಪೌಲ, ಬಾಯಿ ಮುಚ್ಚ ನೀ ಯವ್ವಾ
ಹಡೆದರ ರಕ್ಷಣಿ ಅಂತ ಬರದಾನ ತಿಮೊಥೆಯಗ
ಹಡೀಲಾರದಾಕಿಗೆ ಯಾವ ಬಾಗಿಲು? ಬಿಡಸಿ ಹೇಳ್ರಿ ಈಗ!"

ಗಂಡಸರ ಸಾಲು ಎದ್ದು ಕುಣಿಯಿತು. ಆ ಮಾತು ಬೈಬಲ್ಲಿನಲ್ಲಿ, ಪೌಲ ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ಇದೆ ಎಂದು ಅಮರಮ್ಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಓದುವಾಗ ಆ ಹಾಳೆ ಬಂದರೆ ಬೆರಳಿಗೆ ಉಗುಳು ಹಚ್ಚಿ ಎರಡು ಹಾಳೆ ಕೂಡಿಸಿ ತಿರುವಿ ಹಾಕುತ್ತಿದ್ದಳು. ಸವಾಲುಗಳಲ್ಲಿ ನೋಹ ಬಂದ, ಯೋನ ಬಂದ, ಯೋಬ ಬಂದ. ತಾನು ಹಾರಿಸಿದ ಆ ಒಂದು ಹಾಳೆಯೇ ಇವತ್ತು ಎದುರು ಬಂದು ನಿಂತಿತ್ತು.

"ಹೆದರಬ್ಯಾಡ್ರೇ, ಇದು ನನಗ ಬಿಡ್ರಿ" ಎಂದು ಬಂಡೆಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಎದ್ದೇಬಿಟ್ಟಳು. ಮನೆ ತುಂಬ ಮಕ್ಕಳಿದ್ದ ಬಂಡೆಮ್ಮನಿಗೆ ಅಮರಮ್ಮನ ಮೇಲೆ ಜೀವ. ಗೆಳತಿಯ ಪರವಾಗಿ ಗಂಟಲು ಹರಿಯುವಂತೆ ಹಾಡಿದಳು.

"ಸಾರಳಿಗಿಲ್ಲ ಸಂತಾನ ಮುಪ್ಪು ಬರೋತನಕ
ಹನ್ನಳಿಗಿಲ್ಲ ಸಂತಾನ ಗುಡಿಯಾಗ ಅಳೋತನಕ
ಎಲಿಸಬೇತಗ ಬಂಜಿ ಅಂತು ಊರೆಲ್ಲ ಕೂಡಿ
ದೇವರು ಕೈಬಿಟ್ಟನೇನ್ರಿ? ಹೇಳ್ರಣ್ಣ ನೋಡಿ!"

ಹೆಂಗಸರು ಚಪ್ಪಾಳೆ ತಟ್ಟಿದರು. ಅಮರಮ್ಮ ಮಾತ್ರ ಕಣ್ಣು ಮುಚ್ಚಿಕೊಂಡಳು. ಅಯ್ಯೋ ಅಕ್ಕಾ, ಯಾರ ಹೆಸರು ತಗೊಂಡೆ!

ಪರಮಣ್ಣ ಉಸಿರು ಎಳೆದುಕೊಳ್ಳುವಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ.

"ಸಾರಗ ಇಸಾಕ ಹುಟ್ಟಿದ, ಹನ್ನಗ ಸಮುವೇಲ
ಎಲಿಸಬೇತಗ ಯೋಹಾನ, ಜೋಗುಳ ಹಾಡ್ಯಾರಲ್ಲ!
ಮೂವರ ಮನ್ಯಾಗೂ ಕಡೀಕ ತೊಟ್ಟಿಲು ತೂಗ್ಯಾವ
ನಿಮ್ಮ ಜವಾಬು ಓಡಿ ಬಂದು ನಮ್ಮ ಕಡಿ ಕುಂತಾವ!"

ಅಂಗಳ ನಗೆಯಲ್ಲಿ ಮುಳುಗಿತು. ಬಂಡೆಮ್ಮ ಕುಸಿದು ಕೂತು, "ನನ್ನ ನಾಲಿಗಿ ಸುಡ್ಲಿ, ನಿನ್ನ ಕುತ್ತಿಗಿಗೆ ನಾನಾ ಹಗ್ಗ ಹಾಕಿದ್ನಲ್ಲಬೇ ಅಮರೀ" ಎಂದು ಹಣೆ ಚಚ್ಚಿಕೊಂಡಳು.

ದಮ್ಮಡಿ ಬಡಿಯುತ್ತಿತ್ತು. ಗೋಪಮ್ಮನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

"ಲಗೂ ಹೇಳ್ರೇ! ನನ್ನ ಕೈ ಏನು ಗಿರಣಿ ಪಟ್ಟಾ ಏನು?"

"ಬಡೀಬೇ, ಬಡೀ!" ಎಂದಳು ಅಮರಮ್ಮ. ಏನು ಹೇಳಬೇಕೆಂದು ತಿಳಿಯದೆಯೇ ಎದ್ದು ನಿಂತಿದ್ದಳು. ಎದುರಿಗೆ ಮಾನ್ವಿಯ ಗಂಡಸರು. ಮೀಸೆ ತಿರುವುವವರು, ತೊಡೆ ತಟ್ಟುವವರು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ನಗುವವರು. ಒಬ್ಬೊಬ್ಬರನ್ನೂ ನೋಡಿದಳು. ಇವರೆಲ್ಲ ರಕ್ಷಣೆ ಹೊಂದಿದವರು. ಸರಿ. ಆದರೆ ಇವರಲ್ಲಿ...

ನಗು ಬಂತು. ಆಕೆಗೇ ಅಚ್ಚರಿಯಾಗುವಂತೆ, ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ನಗುತ್ತಲೇ ಎತ್ತಿದಳು.

"ಹಡೆದರ ರಕ್ಷಣಿ ಅಂತೀರಿ, ಒಂದು ಮಾತು ಅಣ್ಣ
ಮಾನ್ವಿ ಗಂಡಸರಾಗ ಹಡೆದವರು ಯಾರಣ್ಣ?"

ಹೆಂಗಸರ ಕಡೆಯಿಂದ ಎದ್ದ ನಗೆಗೆ ಬೇವಿನ ಮರದ ಕಾಗೆಗಳು ಹಾರಿಹೋದವು. ಬಿಸ್ಮಿಲ್ಲಾ ಬೀ ಪಕ್ಕದವಳ ತೊಡೆಗೆ ಬಾರಿಸಿ, "ಯಾ ಅಲ್ಲಾ! ಕ್ಯಾ ಪೂಛೀ! ಎಂಥಾ ಮಾತು ಕೇಳಿದ್ಳವ್ವಾ!" ಎಂದಳು. ಪರಮಣ್ಣನ ಹೆಂಡತಿ ಯಮನಮ್ಮ ಗಂಡನ ಕಡೆಯ ಸಾಲಿನಲ್ಲೇ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದಳು.

ಅಮರಮ್ಮ ನಗೆ ಇಳಿಯಲು ಬಿಡಲಿಲ್ಲ. ಪದಗಳು ಒಂದರ ಬೆನ್ನಿಗೆ ಒಂದು ಬರುತ್ತಿದ್ದವು, ಆಕೆ ಕಟ್ಟುವ ಮೊದಲೇ.

"ಎಲ್ಲರ ಹೆರಿಗಿ ಅಲ್ಲಣ್ಣ, ಒಂದಾ ಹೆರಿಗಿ
ದನದ ಕೊಟ್ಟಿಗ್ಯಾಗ ಆತು ಬಡವಿ ಮರಿಯಗ
ಆ ಕೂಸಿನ ಕೈಯ ಹಿಡದು ನೀ ಒಳಗ ಬಂದಿ
ಅದಾ ಕೈ ನಾನೂ ಹಿಡದರ ಹೊರಗಿರು ಯಾಕಂದಿ?"

ಕುರ್ಚಿಯಲ್ಲಿದ್ದ ಅಯ್ಯನವರು ಮುಂದೆ ಬಾಗಿದರು. "ಇನ್ನೊಮ್ಮೆ, ಇನ್ನೊಮ್ಮೆ" ಎಂದು ಹಿಂದಿನಿಂದ ಯಾರೋ ಮುದುಕಿ ಕೂಗಿದಳು. ಅಮರಮ್ಮ ಇನ್ನೊಮ್ಮೆ ಹಾಡಿದಳು. ಈ ಸಲ ಬಂಡೆಮ್ಮ ಕಣ್ಣೀರು ಒರೆಸಿಕೊಳ್ಳುತ್ತ ಹಿಂದೆ ದನಿಗೂಡಿಸಿದಳು. ಮೂರನೆಯ ಸಲಕ್ಕೆ ಮಾನ್ವಿಯ ಹೆಂಗಸರೂ ಕೂಡಿದರು.

ಅಮರಮ್ಮ ಹಾಳೆ ಹಾರಿಸಿ ಹಾರಿಸಿ ಎಷ್ಟು ವರ್ಷ ಕಳೆದಳು! ಹೆದರಿದ್ದು ಆ ಮಾತಿಗೆ. ಅದರ ಎದುರು ನಿಂತು ಕೇಳಿದ್ದು ಇದೇ ಮೊದಲು.

ಪರಮಣ್ಣ ಸೋಲುವವನಲ್ಲ. ತಲೆ ಅಲ್ಲಾಡಿಸಿ ಮೆಚ್ಚಿಕೊಂಡ, ಆದರೆ ಬಿಡಲಿಲ್ಲ.

"ಆ ಗಂಟು ಬಿಚ್ಚಿದೆವ್ವಾ, ಈ ಗಂಟು ಉಳೀತ
ಸುಮ್ಮನಿರು ಅಂದಾನಲ್ಲ, ಅದಕೇನು ಜವಾಬ?"

"ಇದು ನನಗ ಬರ್ತದ!" ಎಂದು ಬಂಡೆಮ್ಮ ಮತ್ತೆ ಎದ್ದಳು. ಅಮರಮ್ಮ ಆಕೆಯ ಸೆರಗು ಹಿಡಿದು ಕೂರಿಸಿ ತಾನೇ ಹಾಡಿದಳು.

"ಸಮಾಧಿ ಖಾಲಿ ಕಂಡಾಕಿ ಮಗ್ದಲದ ಮರಿಯ
ಹೋಗಿ ಹೇಳು ಅಂದಾಂವ ಯಾರು? ನೀನಾ ಹೇಳಯ್ಯ
ಆಕಿ ಬಾಯಿ ಮುಚ್ಚಿದ್ದರ ಸುದ್ದಿ ಎಲ್ಲಿತ್ತ?
ಪೇತ್ರ ಬಾಗಿಲು ಹಾಕ್ಕೊಂಡು ಇನ್ನೂ ಕುಂದರತಿದ್ದ!"

ಮತ್ತೆ ನಗೆ, ಮತ್ತೆ ಚಪ್ಪಾಳೆ. ಆದರೆ ಪರಮಣ್ಣ ಕಾದಿದ್ದದ್ದು ಇದಕ್ಕೇ. ಒಂದು ಕೈ ಎತ್ತಿ, ದನಿ ತಗ್ಗಿಸಿ ಕೇಳಿದ.

"ಹಂಗಾದರ ಪೌಲ ಬರದದ್ದು ಸುಳ್ಳೇನವ್ವಾ?
ಹೌದನ್ನು, ಇಲ್ಲನ್ನು, ಎರಡರಾಗ ಒಂದವ್ವಾ!"

ಈಗ ಗಂಡಸರೂ ನಗಲಿಲ್ಲ. ಹೌದೆಂದರೆ ದೇವರ ವಾಕ್ಯಕ್ಕೆ ಸುಳ್ಳು ಎಂದಂತೆ. ಸೂಗಪ್ಪ ಅಲ್ಲೇ ಎದ್ದು ನಿಲ್ಲುತ್ತಾನೆ. ಇಲ್ಲವೆಂದರೆ ಇಷ್ಟು ಹೊತ್ತು ಹಾಡಿದ ಬಾಯಿಯನ್ನು ತಾನೇ ಮುಚ್ಚಿದಂತೆ. ಬಂಡೆಮ್ಮ ಕೂಡ ಎದ್ದೇಳಲಿಲ್ಲ. ಗೋಪಮ್ಮ ಒಬ್ಬಳೇ ತಲೆ ಬಗ್ಗಿಸಿ ಬಡಿಯುತ್ತಿದ್ದಳು. ಸವಾಲು ಏನೆಂದು ಆಕೆಗೆ ಕೇಳಿಸಿತೋ ಇಲ್ಲವೋ.

ಅಮರಮ್ಮ ಹುಡುಕಿದಳು. ಮೋಶೆಯ ಅಕ್ಕ ದಮ್ಮಡಿ ಹಿಡಿದಳಲ್ಲ, ದೆಬೋರ ಯುದ್ಧಕ್ಕೆ ಹೋದಳಲ್ಲ... ಎಲ್ಲ ಸರಿ, ಆದರೆ ಇದಕ್ಕೆ ಅದು ಜವಾಬಲ್ಲ. ಜವಾಬು ಇಲ್ಲ. ಇಲ್ಲದ್ದನ್ನು ಇದೆ ಎಂದು ಕಟ್ಟಿ ಹಾಡುವುದು ಮೇಳದವರಿಗೆ ಹೊಸದಲ್ಲ. ಆದರೆ ಅದು ಬೇಡವೆನಿಸಿತು. ಇವತ್ತು ಬೇಡ.

"ಪೌಲಗ ಸುಳ್ಳ ಅನ್ನಲಾರೆ, ಬಾಯಿ ಮುಚ್ಚಿ ಕೂಡಲಾರೆ
ಯಾಕ ಬರದನೋ ಅಣ್ಣಯ್ಯ, ತಿಳಿವಲ್ದು ನನಗ ಪೂರಾ
ಪರಲೋಕಕ್ಕ ಹೋದ ದಿವಸ ಪೌಲನ್ನ ಕೇಳತೀನಿ
ಅಲ್ಲೀತನ ನಾನು ಮಾತ್ರ ಹಾಡಾ ಹಾಡತೀನಿ!"

"ತಿಳಿವಲ್ದು ಅಂದ್ರ ಅದ್ಯಾವ ಜವಾಬಬೇ?" ಮಾನ್ವಿಯ ಒಬ್ಬ ಎದ್ದ. "ಜವಾಬಾ ಮತ್ತ! ಖರೇ ಹೇಳ್ಯಾಳ" ಎಂದ ಇನ್ನೊಬ್ಬ, ಅವನೂ ಮಾನ್ವಿಯವನೇ. "ಖರೇ ಹೇಳಾಕ ಕೋರ್ಟಿಗೆ ಹೋಗು, ಇಲ್ಲಿ ಸವಾಲ್-ಜವಾಬು ನಡದದ!" ಅಂಗಳ ಎರಡು ಭಾಗವಾಯಿತು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಮಾನ್ವಿಯ ದಮ್ಮಡಿಯವನು ಕೂಡ ಎದ್ದು ತನ್ನದೊಂದು ಮಾತು ಸೇರಿಸಿದ.

ಅಯ್ಯನವರು ಕೈ ಎತ್ತಿದರು. "ಪರಮಣ್ಣಾ, ಸವಾಲು ಹಾಕಿದವನಿಗೆ ಜವಾಬು ಗೊತ್ತಿರಬೇಕು. ಪೌಲ ಯಾಕೆ ಹಾಗೆ ಬರೆದ, ನೀನು ಹೇಳು."

ಪರಮಣ್ಣ ತಲೆ ಕೆರೆದುಕೊಂಡ. "ಅದು... ಅಯ್ಯನೋರೆ, ಖರೇ ಅಂದ್ರ ನನಗೂ ತಿಳೀದುರೀ. ಈಕಿಗೂ ತಿಳಿಯಂಗಿಲ್ಲ ಅಂತ ಗೊತ್ತಿತ್ತು, ಅದಕ್ಕಾ ಕೇಳಿದ್ನಿರಿ."

ಅಂಗಳವೆಲ್ಲ ನಕ್ಕಿತು. ಆ ನಗೆಯ ನಡುವೆ ಅಯ್ಯನವರು ಕಿವಿಗೊಟ್ಟು ಏನನ್ನೋ ಕೇಳಿಸಿಕೊಂಡರು. ಎಲ್ಲರೂ ಕಿವಿಗೊಟ್ಟರು. ಒಂದು ದಮ್ಮಡಿ ಮಾತ್ರ ಬಡಿಯುತ್ತಿತ್ತು. ಗೋಪಮ್ಮ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಲೋಕದ ಪರಿವೆ ಇಲ್ಲದೆ ಬಡಿಯುತ್ತಿದ್ದಳು. ಮಾನ್ವಿಯ ದಮ್ಮಡಿ ವಾದ ಮಾಡಲು ಎದ್ದವನ ಕಾಲ ಬಳಿ ನೆಲದ ಮೇಲಿತ್ತು.

"ಜವಾಬು ಜವಾಬೋ ಅಲ್ಲವೋ, ಅದನ್ನು ದೇವರಿಗೆ ಬಿಡೋಣ" ಎಂದರು ಅಯ್ಯನವರು. "ನಿಂತ ದಮ್ಮಡಿ ಮಾನ್ವಿಯದು."

ಆಮೇಲೆ ಏನು ನಡೆಯಿತು ಎಂಬುದನ್ನು ಸಾಲಾಗಿ ಹೇಳುವುದು ಕಷ್ಟ. ಬಂಡೆಮ್ಮ ಅಮರಮ್ಮನನ್ನು ಸೊಂಟ ಹಿಡಿದು ಎತ್ತಿದಳು, ಎತ್ತಲಾರದೆ ಇಬ್ಬರೂ ಶೇಂಗಾ ಬುಟ್ಟಿಯ ಮೇಲೆ ಬಿದ್ದರು. ಗೋಪಮ್ಮನಿಗೆ ನಿಲ್ಲಿಸು ಎಂದು ಹೇಳಲು ಕೈ ಹಿಡಿಯಬೇಕಾಯಿತು. "ಗೆದ್ದೆವೇನು? ಏನಂದ್ಯಬೇ, ನನಗೊಂದೂ ಕೇಳಲಿಲ್ಲ" ಎಂದಳು. ಬಿಸ್ಮಿಲ್ಲಾ ಬೀ ಗಂಟು ಬಿಚ್ಚಿ ಗೋಪಮ್ಮನ ಕೈಗೆ ಹಸಿರು ಬಳೆ ಏರಿಸಿದಳು. ಯಮನಮ್ಮ ಬಂದು ಅಮರಮ್ಮನ ಕಿವಿಯಲ್ಲಿ, "ಆ ಕೊಟ್ಟಿಗಿ ನುಡಿ ನನಗ ಬಾಯಿಪಾಠ ಮಾಡಸವ್ವಾ, ಮನ್ಯಾಗ ದಿನಾ ಬೇಕಾಗ್ತದ" ಎಂದಳು.

ಸೂಗಪ್ಪ ರುಮಾಲು ಬಿಚ್ಚಿ ಸುತ್ತಿಕೊಂಡು, ಮತ್ತೆ ಬಿಚ್ಚಿ ಸುತ್ತಿಕೊಂಡು, ಕೊನೆಗೆ ಹತ್ತಿರ ಬಂದ.

"ಕರಾರು ಅಂದ್ರ ಕರಾರು" ಎಂದ. "ಬರೋ ಆಯಿತವಾರ ಯಾವ ಹಾಡು ಎತ್ತತೀಯವ್ವಾ?"

"ಇದನ್ನಾ, ಮಾವ."

ಸೂಗಪ್ಪ ಸುತ್ತಮುತ್ತ ನೋಡಿ ದನಿ ಇಳಿಸಿದ. "ಎತ್ತು, ಬ್ಯಾಡ ಅನ್ನಂಗಿಲ್ಲ. ಆ ಗಂಡಸರು ಹಡೆದಿಲ್ಲ ಅನ್ನೋ ನುಡಿ ಒಂದು ಬಿಟ್ಟು ಹಾಡಿದ್ರ..."

"ಅದನ್ನಾ ಮೊದಲು ಹಾಡ್ತೀನಿ ಮಾವ" ಎಂದಳು ಅಮರಮ್ಮ. "ನೀವು ತಾಳ ತರೂದು ಮರೀಬ್ಯಾಡ್ರಿ."