ಸಕ್ಕರೆಯ ಹಾಲು

ಮಗಳ ಪುಟ್ಟ ಹಿಮ್ಮಡಿಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತ ನಿಂತಿತ್ತು. ಸೂಜಿ ಚುಚ್ಚಿದರೂ ಅವಳು ಅತ್ತಿರಲಿಲ್ಲ. ಮುಖ ಕಿವುಚಿ ಮತ್ತೆ ಮಂಪರಿಗೆ ಜಾರಿದ್ದಳು. ಆ ಹನಿಯನ್ನು ಪರೀಕ್ಷಿಸಿದ ಡಾಕ್ಟರ್ ನಫೀಸಾ, "ಮಗುವಿನ ಸಕ್ಕರೆ ಕಡಿಮೆಯಿದೆ. ಹುಟ್ಟಿ ಗಂಟೆಯಾಗ್ತಾ ಬಂತು, ಇನ್ನೂ ಯಾಕೆ ಹಾಲು ಕೊಟ್ಟಿಲ್ಲ?" ಎಂದರು.

ನಾನು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡೆ.

ನಮ್ಮ ತಾಯಿಯ ಕಡೆಯವರಿಗೆ ಸಕ್ಕರೆ ಕಾಯಿಲೆ ಮನೆದೇವರಿದ್ದ ಹಾಗೆ, ಅದಕ್ಕೆ ನಡೆದುಕೊಳ್ಳದವರಿಲ್ಲ. ಅಮ್ಮನ ಕಾಲು ತೆಗೆದದ್ದೂ, ಕೊನೆಗೆ ಕಣ್ಣು ಹೋದದ್ದೂ ಅದರಿಂದಲೇ. ಬಸುರಿನಲ್ಲಿ ನನಗೂ ಅದು ಬಂದಾಗ ಅಕ್ಕಂದಿರು ಕಿವಿ ಊದಿದ್ದರು: "ನಿನ್ನ ಹಾಲಲ್ಲೂ ಸಕ್ಕರೆ ಇಳಿದಿರುತ್ತೆ ಕಣೇ. ಬೇರೆ ಹಾಲು ಹಾಕು, ಕೂಸಾದರೂ ಬಚಾವಾಗಲಿ." ನಮ್ಮ ವಂಶದಲ್ಲಿ ಹೀಗೆ ತಾಯಿಹಾಲು ತಪ್ಪಿದ ಮಕ್ಕಳೆಷ್ಟೋ. ಆದರೂ ಕಾಯಿಲೆ ಅವರನ್ನು ಬಿಟ್ಟಿರಲಿಲ್ಲ. ಅದು ಮಾತ್ರ ನಮಗ್ಯಾರಿಗೂ ಹೊಳೆದಿರಲಿಲ್ಲ.

"ನನ್ನ ಕಾಯಿಲೆ ಇವಳಿಗೆ ಬರೋದು ಬೇಡ ಡಾಕ್ಟ್ರೇ" ಎಂದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. ಮಂಚದ ಅಂಚಿಗೆ ಕೂತರು. "ಹಾಲಿನಿಂದ ಅದು ಬರಲ್ಲಮ್ಮ. ಹೊಟ್ಟೆಯೊಳಗಿದ್ದಾಗ ನಿಮ್ಮ ಸಕ್ಕರೆ ಇವಳಿಗೆ ಧಾರಾಳವಾಗಿ ಹರಿದು ಬರ್ತಿತ್ತು. ಅದನ್ನು ಕರಗಿಸೋದೇ ಇವಳ ಮೈಗೆ ರೂಢಿಯಾಗಿದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಬರೋದು ನಿಂತಿತು; ಕರಗಿಸೋದು ನಿಂತಿಲ್ಲ. ಈಗ ಕುಡಿಸಿ ನೋಡೋಣ. ಏರದಿದ್ರೆ ಡ್ರಿಪ್ ಹಾಕಬೇಕಾಗುತ್ತೆ."

ಗೋಡೆಗೊರಗಿ ಕೂತಿದ್ದ ನಮ್ಮತ್ತೆ, ಹಸು ಸಾಕಿ ಬಾಳಿದವರು, ತಟ್ಟನೆ ಎದ್ದು ಬಂದರು. "ಗಿಣ್ಣುಹಾಲು ತಪ್ಪಿಸಿದ್ರೆ ಕರು ಎದ್ದು ನಿಲ್ಲುತ್ತೇನೇ? ಹಿಡಿ ನಿನ್ನ ಮಗಳನ್ನ" ಎಂದು ಕೂಸನ್ನು ನನ್ನ ಎದೆಗೆ ಆನಿಸಿಯೇಬಿಟ್ಟರು.

ಬಂದದ್ದು ಹಳದಿ ಬಣ್ಣದ ನಾಲ್ಕು ಹನಿ. ಇಷ್ಟರಿಂದ ಏನಾದೀತು ಅಂದುಕೊಂಡೆ. ಆದರೆ ಕಣ್ಣನ್ನೂ ಸರಿಯಾಗಿ ಬಿಡದ ಆ ಜೀವ, ಯಾರೂ ಹೇಳಿಕೊಡದೆ, ಮೂಗಿನಲ್ಲೇ ಹುಡುಕಿ ಬಾಯಿಟ್ಟಿತು. ಎಳೆದ ರಭಸಕ್ಕೆ ನನ್ನ ಮೈಯೆಲ್ಲ ಝುಮ್ಮೆಂದಿತು. ಎಲ್ಲಿ ಕಲಿತು ಬಂದಳಪ್ಪಾ ಇವಳು ಎಂದು ಬೆರಗಾಗಿ ನೋಡುತ್ತಲೇ ಇದ್ದೆ. ಹೆದರಿಕೆ ಯಾವಾಗ ಹೋಯಿತೋ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹಿಮ್ಮಡಿಗೆ ಮತ್ತೆ ಸೂಜಿ, ಮತ್ತೆ ಸಾಸಿವೆಯಷ್ಟು ರಕ್ತ. "ಸಕ್ಕರೆ ಏರಿದೆ" ಎಂದರು ಡಾಕ್ಟರು.

ಬುದ್ಧಿ ಬಂದಾಗಿನಿಂದ ನಾನು ಹೆದರುತ್ತ ಬಂದ ಮಾತದು. ಅಮ್ಮನ ಹಾಸಿಗೆಯ ಬಳಿ ಯಾರಾದರೂ ಅದನ್ನು ಆಡಿದರೆ ಮನೆಯಲ್ಲಿ ಯಾರಿಗೂ ತುತ್ತು ಇಳಿಯುತ್ತಿರಲಿಲ್ಲ. ಅಂದು ಅದೇ ಮಾತನ್ನು ಕೇಳಿ, ಸಂತೋಷ ತಡೆಯಲಾರದೆ ನನಗೆ ಅಳು ಒತ್ತರಿಸಿ ಬಂತು. ಮಗಳು ಮಾತ್ರ ಕಣ್ಣು ಮುಚ್ಚಿಕೊಂಡೇ ಗುಟುಕರಿಸುತ್ತಿದ್ದಳು.