ಹವಳದ ಸಿಗಡಿ

"ಇದೆಂಥದು ಮಾರಾಯ್ತಿ, ಸಿಗಡಿಗೆ ಬೂದಿ ಬೀಳುವ ಕಂಡಿ?" ಸದಾನಂದ ಮಾಸ್ತರರು ಶಕುಂತಲೆಯ ಉತ್ತರಪತ್ರಿಕೆಯನ್ನು ಇಡೀ ಏಳನೇ ತರಗತಿಗೆ ಕಾಣುವಂತೆ ಎತ್ತಿ ಹಿಡಿದರು. ಹವಳದ ದಿಬ್ಬದಲ್ಲಿ ವಾಸಿಸುವ ಸಣ್ಣ ಸಿಗಡಿಯ ಚಿತ್ರ ಕೇಳಿದರೆ, ಹುಡುಗಿ ಕಾಲು, ಹಿಡಿಕೆ ಸಮೇತ ಇದ್ದಲ ಒಲೆ ಬರೆದಿದ್ದಳು. "ನೀನು ಒಲೆ ಮುಂದೆ ಕೂರುವುದೇ ಸರಿ," ಎಂದು ಸೊನ್ನೆ ಹಾಕಿದರು.

ಆಕೆ ಬೇರೇನು ಬರೆಯಬೇಕಿತ್ತು, ಹೇಳಿ. ಏಕೀಕರಣದ ಮರುವರ್ಷ ಮಂಗಳೂರಿನ ಕಡೆಯಿಂದ ವರ್ಗವಾಗಿ ಬಂದ ಮಾಸ್ತರರಿಗೆ ಸಿಗಡಿ ಎಂದರೆ ನೀರಿನ ಜೀವ. ಹುಮನಾಬಾದಿನಲ್ಲಿ ಸಿಗಡಿ ಎಂದರೆ ಇದ್ದಲು ಹಾಕಿ ಹಚ್ಚುವ ಕಬ್ಬಿಣದ ಒಲೆ. ಹೊಸ ಪುಸ್ತಕದಲ್ಲಿ ಚಿತ್ರವೇ ಇರಲಿಲ್ಲ. ಕೆಂಪು ಮೈ, ಕಾಲುಗಳು, ಚಟಪಟ ಸದ್ದು ಎಂದು ಓದಿ ಮಾಸ್ತರರು ಪುಟ ತಿರುವಿದ್ದರು. ಕೆಂಪಗಾಗಿ ಚಟಪಟ ಅನ್ನುವ ಸಿಗಡಿ ಶಕುಂತಲೆಯ ಮನೆಯಲ್ಲೂ ಇತ್ತು.

ಅವಳ ಅಪ್ಪ ಏಕನಾಥ ಇಂಥದೊಂದು ನೆಪಕ್ಕೇ ಕಾದಿದ್ದ. "ಮಾಸ್ತರರೇ ಹೇಳ್ಯಾರಲ್ಲ, ಸಾಲಿ ಬಿಡ್ಸು," ಎಂದ. ತಾಯಿ ಕೇಶರಬಾಯಿಗೆ ಮೈಯೆಲ್ಲ ಉರಿಯಿತು. ಮರುದಿನ ಮಗಳ ಕೈ ಹಿಡಿದು ನೇರ ತರಗತಿಯ ಬಾಗಿಲಿಗೇ ಹೋದಳು.

"ಮಾಸ್ತರ್ರ, ಆ ಜೀವ ಈಕಿಗಿ ಎಂದಾರ ತೋರ್ಸೀರೇನ್ರಿ?"

"ಪುಸ್ತಕದಲ್ಲಿ ಉಂಟಲ್ಲ."

"ಹೆಸರಷ್ಟೇ ಅದರಿ. ಮಾರಿ ಕಾಣದ್ದರ ಚಿತ್ರ ಹ್ಯಾಂಗ ಬರೀಬೇಕು? ಮ್ಯಾಲ ನಾಕ್ ಮಂದ್ಯಾಗ ನಗಸ್ತೀರಿ."

ಮಾತು ಕೇಳಿ ಹೆಡ್‌ಮಾಸ್ತರ ವೈಜನಾಥಪ್ಪ ಓಡಿಬಂದರು. "ಹೋಗ್ಲಿ ಬಿಡವ್ವ, ಮೆಹರಬಾನಿ ಮಾಡಿ ಪಾಸ್ ಮಾಡ್ತೀವಿ."

"ನಿಮ್ಮ ಮೆಹರಬಾನಿ ಬ್ಯಾಡ್ರಿ. ಈಗ ತೋರ್ಸ್ರಿ, ಆಮ್ಯಾಲ ಕೇಳ್ರಿ. ಆಕಿಗಿ ಬರಲಿಲ್ಲಂದ್ರ ನಾನೇ ಸಾಲಿ ಬಿಡಸ್ತೇನಿ."

ಮಾಸ್ತರರು ಸಿಡುಕುತ್ತಲೇ ಒಂದೊಂದರ ಹೆಸರು ಹೇಳಿ ಬೋರ್ಡಿನ ಮೇಲೆ ಬರೆದರು: ಉದ್ದ ಮೀಸೆ, ಚಟಪಟ ಸದ್ದು ಮಾಡುವ ಒಂದು ದೊಡ್ಡ ಕೊಂಡಿಗೈ, ಬಾಗಿದ ಬೆನ್ನು, ಬೀಸಣಿಗೆಯಂಥ ಬಾಲ.

"ಅರೆ, ಇದಕ್ಕ ನಮ್ಮ ಕಡಿ ಝಿಂಗಾ ಅಂತಾರ," ಅಂದರು ಹೆಡ್‌ಮಾಸ್ತರರು. "ನಾನೂ ಒಲೀನೇ ಅಂದ್ಕೊಂಡಿದ್ದೆ."

ಹುಡುಗರು ಯಾರೂ ನಗಲಿಲ್ಲ. ಶಕುಂತಲೆ ಚಿತ್ರವನ್ನೇ ನೋಡುತ್ತ ಕೇಳಿದಳು, "ನೀವು ಇದನ್ನ ಹವಳದಾಗ ನೋಡೀರೇನ್ರಿ, ಸರ್?"

ಮಾಸ್ತರರ ಕಿವಿ ಕೆಂಪಾಯಿತು. "ಸಾರಿನಲ್ಲಿ ನೋಡಿದ್ದೇನೆ. ಹವಳದಲ್ಲಿ ಇಲ್ಲ."

ಬೋರ್ಡು ಒರೆಸಿ ಸೀಮೆಸುಣ್ಣ ಚಾಚಿದರು. ಶಕುಂತಲೆ ತುದಿಗಾಲಲ್ಲಿ ನಿಂತು ಮೀಸೆಯಿಂದ ಶುರುಮಾಡಿದಳು. ಕೊಂಡಿಗೈ ಬಂತು, ಬೆನ್ನು ಬಾಗಿತು, ಬಾಲವೂ ಬಿಚ್ಚಿಕೊಂಡಿತು. ಒಂದೊಂದು ಭಾಗಕ್ಕೂ ಗೆರೆ ಎಳೆದು ಹೆಸರು ಬರೆದಳು. ಕೊನೆಗೆ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಝಿಂಗಾ ಎಂದು ಬರೆದಳು.

ಮಾಸ್ತರರು ಆ ಹೆಸರು ಒರೆಸಲು ಡಸ್ಟರ್ ಎತ್ತಿಕೊಂಡರು. ಕೇಶರಬಾಯಿ ಬಾಗಿಲು ಬಿಟ್ಟು ಕದಲಲಿಲ್ಲ. ಅವರು ಡಸ್ಟರನ್ನು ಮೆಲ್ಲನೆ ಮೇಜಿನ ಮೇಲಿಟ್ಟರು.